ಏರೋದಕ್ಕ ಎಂಜಿನ್, ಇಳಿಯೋದಕ್ಕ ತಲಿ!
ಟಿಳಕವಾಡಿಯಿಂದ 'ಮಾಲ್ಗುಡಿ'ಗೆ ಯೆಜ್ದಿ ಮೇಲೆ ಮೂರು ದಿನ

ಬೆಳ್ಳಿತೆರೆಯ ನಾಯಕ ಘಟ್ಟದ ತಿರುವಿನಲ್ಲಿ ಮೋಟಾರ್ ಸೈಕಲ್ ವಾಲಿಸಿ ಹೊಡೆದರೆ ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ! ನಾನೂ ಹೊಡೆದವನೇ. ಆದರೆ ಆ ದೃಶ್ಯವನ್ನು ತುಂಡು ತುಂಡಾಗಿ ತೆಗೆದು ಜೋಡಿಸಿರುತ್ತಾರೆ. ನಿಜವಾದ ಘಟ್ಟದಲ್ಲಿ 'ಕಟ್' ಅನ್ನೋರು ಯಾರು ಸ್ವಾಮಿ?

ಶಂಕರ್ ನಾಗ್ 'ಮಾಲ್ಗುಡಿ ಡೇಸ್' ತೆಗೆದ ಆಗುಂಬೆಯನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಮತ್ತು ಗೆಳೆಯನ ಬಹುದಿನದ ಆಸೆ. ವಾಹನ? ಗೆಳೆಯನ ತಂದೆಯ ಕಾಲದ ಯೆಜ್ದಿ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಕಿಕ್ಕರ್ರೇ ಗೇರೂ ಆಗುವ ಆ ಗಾಡಿಯ ಡಬ್ ಡಬ್ ಸದ್ದು ಮಾತ್ರ ಇನ್ನೂ ನಿಂತಿಲ್ಲ!

ಹೊರಡುವ ಮುನ್ನ ಟಿಳಕವಾಡಿಯ ಗ್ಯಾರೇಜಿನ ಮೇಸ್ತ್ರಿ ಬ್ರೇಕ್ ಬಿಗಿ ಮಾಡಿ ಹೇಳಿದರು: "ತಮ್ಮಾ, ಏರೋದಕ್ಕ ಎಂಜಿನ್ ಬೇಕು, ಇಳಿಯೋದಕ್ಕ ತಲಿ ಬೇಕು. ಯಾವ ಗೇರಿನ್ಯಾಗ ಏರತಿ, ಅದ ಗೇರಿನ್ಯಾಗ ಇಳಿ. ಇದು ಟೂ ಸ್ಟ್ರೋಕ್. ಪೆಟ್ರೋಲ್ ಹೋದ್ರ ಆಯಿಲ್ ಹೋಗತೈತಿ. ಇಳಿಜಾರಿನ್ಯಾಗ ನಡುನಡುವ ಸ್ವಲ್ಪ ರೇಸ್ ಕೊಡು, ಇಲ್ಲಾಂದ್ರ ಪಿಸ್ಟನ್ ಹಿಡ್ಕೋತೈತಿ."

ಗೆಳೆಯನ ತಾಯಿ ಹೇಳಿದ್ದು ಇಷ್ಟೇ: "ಇಬ್ರೂ ಹೋಗಾಕತ್ತೀರಿ, ಇಬ್ರೂ ಬರ್ರಿ."

ಮೊದಲ ದಿನ ಖಾನಾಪುರದಲ್ಲಿ ಮಲಪ್ರಭೆ ದಾಟಿದೆವು. ಲೋಂಡಾ, ರಾಮನಗರ, ಜೋಯಿಡಾ... ಇಕ್ಕೆಲದಲ್ಲೂ ಕಾಡು. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. ಹಳೆಯ ಸೂಪಾ ಊರು ಆ ನೀರಿನಡಿ ಮಲಗಿದೆ. ರಾತ್ರಿ ದಾಂಡೇಲಿಯಲ್ಲಿ ತಂಗಿದೆವು.

ಎರಡನೇ ದಿನ ಯಲ್ಲಾಪುರ, ಶಿರಸಿ, ಸಿದ್ದಾಪುರ ದಾಟಿ ಜೋಗ. 253 ಮೀಟರ್ ಧುಮುಕುವ ರಾಜಾ, ರಾಣಿ, ರೋರರ್, ರಾಕೆಟ್! ಸಾಗರದಲ್ಲಿ ನಿದ್ದೆ.

ಮೂರನೇ ದಿನ ಅರಸಾಳು. ಮಾಲ್ಗುಡಿಯ ರೈಲು ನಿಲ್ದಾಣವಾಗಿ ನಟಿಸಿದ ಪುಟ್ಟ ಹಳೆಯ ಸ್ಟೇಷನ್ 2020ರಿಂದ 'ಮಾಲ್ಗುಡಿ ಮ್ಯೂಸಿಯಂ' ಆಗಿದೆ. ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ ಓಡಾಡಿದ್ದು ಕಣ್ಣಿಗೆ ಕಟ್ಟಿತು. ತೀರ್ಥಹಳ್ಳಿ ಮೇಲೆ ಆಗುಂಬೆ ಮುಟ್ಟಿದೆವು. ಮಂಜು, ಹೆಂಚಿನ ಮನೆಗಳು, ಬಿಸಿ ಚಹಾ. ಅಬ್ಬಾ!

ಆಮೇಲೆ ಸೋಮೇಶ್ವರದ ಕಡೆಗೆ ಇಳಿಯುವ ಘಾಟಿ. 14 ಹಿಮ್ಮುರಿ ತಿರುವು! ನಾನು ಎರಡನೇ ಗೇರ್ ಬಿಡಲಿಲ್ಲ.

"ಏನಲೇ, ಮುದುಕನಂಗ ಹೊಡಿತಿ! ಹೀರೋ ಹಂಗ ಬಿಡಲೇ," ಎಂದು ಹಿಂದಿನ ಸೀಟಿನಿಂದ ಗೆಳೆಯ ಬೆನ್ನು ಗುದ್ದಿದ.

ಮುಂದಿನ ತಿರುವಿನಲ್ಲೇ ಮಿನಿ ಬಸ್ಸೊಂದು ಪೂರ್ತಿ ರಸ್ತೆ ಹಿಡಿದು ಮೇಲೆ ಬಂತು. ಬ್ರೇಕ್ ಒತ್ತಿದೆ. ಗಾಡಿ ಎಡಬದಿಯ ಕಟ್ಟೆಗೆ ಒಂದು ಗೇಣು ಬಿಟ್ಟು ನಿಂತಿತು. ಕಟ್ಟೆಯಾಚೆ ಬರೀ ಮಂಜು. ಬಸ್ಸು ಹೋಯಿತು. ಗೆಳೆಯನ ಕೈ ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಬಹಳ ಹೊತ್ತಿನ ಮೇಲೆ, "ಅವ್ವ ಏನ್ ಹೇಳಿದ್ಳು, ನೆನಪೈತೇನಲೇ?" ಅಂದ. ಉಳಿದ ತಿರುವುಗಳಲ್ಲಿ ಅವನು ತುಟಿ ಪಿಟಕ್ಕೆನ್ನಲಿಲ್ಲ.

ಸಿನಿಮಾ ಪ್ರಿಯರೇ, ನಮಗೆ ಮಾಲ್ಗುಡಿ ಕಟ್ಟಿಕೊಟ್ಟ ಶಂಕರಣ್ಣನನ್ನು ಕಿತ್ತುಕೊಂಡದ್ದೂ ರಸ್ತೆಯೇ. 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಬಳಿಯ ಆನಗೋಡಿನಲ್ಲಿ. ವಯಸ್ಸು ಬರೀ 35. 'ಆಟೋ ರಾಜ'ನ ಚಿತ್ರ ಇಂದಿಗೂ ಆಟೋಗಳ ಮೇಲೆ ನಗುತ್ತಿದೆ. ಅವನ ಅಭಿಮಾನಿ ಅನ್ನೋನು ಹ್ಯಾಂಡಲ್ ಹಿಡಿದಾಗ ನಿಧಾನವಾಗಿ ಹೋಗಲಿ. ಶಿಳ್ಳೆ ಟಾಕೀಸಿನಲ್ಲಿರಲಿ, ಘಾಟಿಯಲ್ಲಿ ಹಾರ್ನ್ ಸಾಕು!