ಕಿತ್ತ ಕಂಬಗಳು ಎದ್ದು ನಿಂತ ಊರು

ಬೈಲಹೊಂಗಲ ಸೀಮೆಯ ನಮ್ಮ ಸೋದರಮಾವನ ವಾಡೆ ಬಿಚ್ಚಿದ ದಿನ ಲಾರಿ ತುಂಬ ಸಾಗವಾನಿ ಹೇರಿದರು. ಕಂಬ, ಬೋದಿಗೆ, ತೊಲೆ, ಜಂತಿ, ತಲೆಬಾಗಿಲ ಚೌಕಟ್ಟು. ವ್ಯಾಪಾರಿ ಟೇಪು ಹಿಡಿದು ಘನ ಅಡಿಯ ಲೆಕ್ಕ ಹಾಕಿದ. ಬೋದಿಗೆಯ ಮೇಲಿನ ಗಿಳಿಗೂ ಬಾಳೆಮೊಗ್ಗಿಗೂ ಆ ಲೆಕ್ಕದಲ್ಲಿ ಜಾಗವಿರಲಿಲ್ಲ. ನಾಲ್ಕು ಕಂಬಗಳನ್ನು ಮಾತ್ರ ಮಾವ ಉಳಿಸಿಕೊಂಡ. ಅವು ಅಂದಿನಿಂದ ದನದ ಕೊಟ್ಟಿಗೆಯಲ್ಲಿ ಮಲಗಿವೆ.

ಹೀಗೆ ಮನೆ ಕಳೆದುಕೊಂಡ ಕಂಬಗಳಿಗಾಗಿಯೇ ಒಂದು ಊರು ಕಟ್ಟಿದವರು ಮಣಿಪಾಲದ ವಿಜಯನಾಥ ಶೆಣೈ. ಯಲ್ಲಾಪುರ, ಅಂಕೋಲಾ ದಾಟಿ ಕರಾವಳಿಯ ರಸ್ತೆ ಹಿಡಿದು ನಾನು ಅಲ್ಲಿಗೆ ಹೋದದ್ದು ಆ ‘ಹಸ್ತಶಿಲ್ಪ’ ನೋಡಲಿಕ್ಕೆ. ಶೆಣೈ ವಾಸ್ತುಶಿಲ್ಪ ಓದಿದವರಲ್ಲ, ಶ್ರೀಮಂತರೂ ಅಲ್ಲ. ಬ್ಯಾಂಕಿನಲ್ಲಿ ನೌಕರಿ ಮಾಡುತ್ತಿದ್ದವರು. ಉಡುಪಿಯ ಸುತ್ತ ಕೂಡುಕುಟುಂಬಗಳು ಒಡೆದು ದೊಡ್ಡ ಮನೆಗಳು ಉರುಳುತ್ತಿದ್ದ ಕಾಲ ಅದು. ಒಲೆಗೆ ಹೋಗಬೇಕಿದ್ದ ಬಾಗಿಲು, ಕಂಬ, ಕಿಟಕಿಗಳನ್ನು ಒಂದೊಂದಾಗಿ ತಂದು, ಅವುಗಳಿಂದಲೇ ತಮ್ಮ ವಾಸದ ಮನೆ ಕಟ್ಟಿಕೊಂಡರು. ನೋಡಬರುವವರ ಸಾಲು ನಿಲ್ಲಲೇ ಇಲ್ಲ. 1997ರಲ್ಲಿ ಹಸ್ತಶಿಲ್ಪ ಟ್ರಸ್ಟ್ ಹುಟ್ಟಿತು. ಆಮೇಲೆ ಬಿಡಿ ಕಂಬ ಬಿಟ್ಟು ಇಡೀ ಮನೆಗಳನ್ನೇ ತರತೊಡಗಿದರು. 2017ರ ಮಾರ್ಚಿನಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಧ್ಯಾನ.

ಸುಮಾರು ಆರು ಎಕರೆ, ಗಿಡಮರಗಳ ನಡುವೆ ಕಾಲುದಾರಿ. ಅಲ್ಲಿನ ನೆರೆಹೊರೆಯಂಥದ್ದು ಲೋಕದಲ್ಲಿ ಬೇರೆಲ್ಲೂ ಸಿಗಲಾರದು. ಭಟ್ಕಳದ ನವಾಯತರ ಮನೆ, ಮಂಗಳೂರಿನ ಕ್ರೈಸ್ತರ ಮನೆ, ಕುಂಜೂರಿನ ಚೌಕಿಮನೆ, ವೀರಶೈವ ಜಂಗಮರ ಮಠ, ದಖನಿ ನವಾಬರ ಮಹಲು, ಎಲ್ಲವೂ ಒಂದೇ ಊರಿನವರಂತೆ ಕೂತಿವೆ.

ನಾನು ಹೆಚ್ಚು ಹೊತ್ತು ನಿಂತದ್ದು ಮುಧೋಳದ ದರ್ಬಾರ್ ಹಾಲಿನಲ್ಲಿ. ಘೋರ್ಪಡೆ ಅರಸರದು. ನಮ್ಮ ರಾಮದುರ್ಗದ ಭಾವೆ ಸಂಸ್ಥಾನಕ್ಕೆ ಮುಧೋಳ ನೆರೆಯದೇ. ಕೊಪ್ಪಳ ಸೀಮೆಯ ಕುಕನೂರಿನಿಂದ ಬಂದ ಕಮಲಮಹಲೂ ಇಲ್ಲಿದೆ, ವಿಜಯನಗರದ ಕಾಲದ ಮರದ ಕೆಲಸವೆಂದು ಹೇಳುತ್ತಾರೆ. ನಮ್ಮ ಕಡೆಯ ಬಡಿಗೇರರ ಉಳಿಯೇಟುಗಳನ್ನು ಸಮುದ್ರದ ಗಾಳಿಯಲ್ಲಿ ನಿಂತು ನೋಡುವಾಗ ಹೊಟ್ಟೆಯಲ್ಲಿ ಸಂತೋಷ, ಸಂಕಟ ಎರಡೂ ಆದವು.

ಮನೆಯನ್ನು ಹೀಗೆ ಸಾಗಿಸಲು ಸಾಧ್ಯವಾದದ್ದು ಹಳೆಯ ಬಡಿಗತನದಿಂದಲೇ. ಒಂದು ಮರದ ತುದಿ ಇನ್ನೊಂದರ ತೂತಿನಲ್ಲಿ ಕೂತು, ಮರದ ಗೂಟ ಅದನ್ನು ಬಿಗಿಹಿಡಿದಿರುತ್ತದೆ. ಗೂಟ ತೆಗೆದರೆ ಕಂಬ, ಬೋದಿಗೆ, ತೊಲೆ ಮುರಿಯದೆ ಬಿಚ್ಚಿಕೊಳ್ಳುತ್ತವೆ. ಆದರೆ ಬಿಚ್ಚುವ ಮೊದಲು ನಕ್ಷೆ ಬರೆಯಬೇಕು, ಪ್ರತಿ ತುಂಡಿಗೂ ನಂಬರು ಹಾಕಬೇಕು. ನಂಬರು ತಪ್ಪಿದರೆ ಉಳಿಯುವುದು ಕಟ್ಟಿಗೆಯ ರಾಶಿ.

ಮರ ಬರುತ್ತದೆ, ಮಣ್ಣು ಬರುವುದಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ವಾಡೆಗಳಿಗೆ ಜಂತಿಯ ಮೇಲೆ ಮಣ್ಣಿನ ಮೇಲ್ಮುದ್ದೆ, ನಡುಮನೆಗೆ ಒಂದು ಬೆಳಕಿಂಡಿ, ಎರೆಭೂಮಿಯ ಬಿಸಿಲು. ಉಡುಪಿಯ ಮಳೆಗೆ ಆ ಮಾಳಿಗೆ ಒಂದು ಆಷಾಢವನ್ನೂ ತಾಳದು. ಹಾಗಾಗಿ ಮನೆಗಳನ್ನು ಹುಟ್ಟಿದ ಸೀಮೆಯಲ್ಲೇ ಉಳಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಮನಸ್ಸು. ಉಳಿಸಿಕೊಳ್ಳಲಾರದೆ ಹೋದಾಗ ಶೆಣೈಯಂಥವರು ಸಿಕ್ಕರೆ ಅದು ನಮ್ಮ ಭಾಗ್ಯ.

ಮರದ ಪಯಣ ಹೊಸದೂ ಅಲ್ಲ. ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಅರಮನೆಯ ತೊಲೆಗಳು ಬೆಟ್ಟ ಹತ್ತಿ ಹೋಗಿ 1830ರ ಸುಮಾರಿಗೆ ಊಟಿಯ ಸಂತ ಸ್ಟೀಫನ್ ಚರ್ಚಿನ ಮಾಡನ್ನು ಹೊತ್ತವು. ಕಿತ್ತೂರಿನ ಅರಮನೆಗೆ ಅಷ್ಟೂ ಅದೃಷ್ಟವಿರಲಿಲ್ಲ. 1824ರ ಡಿಸೆಂಬರಿನಲ್ಲಿ ಕೋಟೆ ಬ್ರಿಟಿಷರ ಕೈಗೆ ಬಿತ್ತು. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ರಾಣಿ ಚೆನ್ನಮ್ಮ ತೀರಿಕೊಂಡಳು. ಇಂದು ಆ ಅರಮನೆಯ ಗೋಡೆಯಲ್ಲಿ ಧ್ರುವನಕ್ಷತ್ರ ನೋಡುವ ಕಿಂಡಿ ಇದೆ, ಮೇಲೆ ಮಾಳಿಗೆಯಿಲ್ಲ. ಕೆತ್ತನೆಯ ಮರದ ಚೌಕಟ್ಟುಗಳು ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳ ಮುಂದೆ ನಿಂತಾಗಲೆಲ್ಲ ನನಗೆ ಅವು ಒಳಗೆ ಬಿಡುತ್ತಿದ್ದ ಕೋಣೆಗಳು ನೆನಪಾಗುತ್ತವೆ.

ಮಣಿಪಾಲದಿಂದ ಬಂದ ಮರುವಾರ ಮಾವನ ಕೊಟ್ಟಿಗೆಗೆ ಹೋದೆ. ಹೊಲದ ಬೇವಿನ ಮರದ ಕೆಳಗೆ ನಾಲ್ಕು ಕಂಬದ ಒಂದು ಮಂಟಪ ಮಾಡೋಣ ಎಂದೆ.

“ಗೆದ್ದಲ ಹತ್ತೇತೇನ ನೋಡ್ ಮೊದಲ, ಅಳಿಯಾ” ಎಂದ ಮಾವ.

ಹುಲ್ಲು ಸರಿಸಿ, ಗೋಣಿಚೀಲದಿಂದ ಧೂಳು ಒರೆಸಿದೆವು. ಒಂದರ ಬುಡ ಗೇಣುದ್ದ ಟೊಳ್ಳಾಗಿತ್ತು, ಉಳಿದ ಮೂರು ಗಟ್ಟಿ. ಯಾವುದು ಪಡಸಾಲೆಯ ಬಲಗಡೆಯದು, ಯಾವುದು ದೇವರ ಕೋಣೆಯ ಮುಂದಿನದು ಎಂದು ಮಾವ ಕೈಯಾಡಿಸಿಯೇ ಹೇಳಿದ. ನಾನು ಸುಣ್ಣದ ಕಡ್ಡಿಯಿಂದ ಒಂದೊಂದರ ಮೇಲೂ ನಂಬರು ಬರೆದೆ.