ಕತ್ತರಿಗೆ ಸಿಕ್ಕ ಹೆಜ್ಜೆಗಳು

ಹಾಲಿವುಡ್‌ನ ಹಳೆಯ ಸಂಗೀತಪ್ರಧಾನ ಚಿತ್ರಗಳೆಂದರೆ ಥಟ್ಟನೆ ನೆನಪಾಗುವುದು ಫ್ರೆಡ್ ಆಸ್ಟೇರ್ ಮತ್ತು ಜಿಂಜರ್ ರೋಜರ್ಸ್ ಜೋಡಿ. ಉದ್ದ ಕೋಟು, ಎತ್ತರದ ಟೋಪಿ, ನುಣುಪು ನೆಲದ ಮೇಲೆ ಟಕಟಕ ಸದ್ದು ಮಾಡುವ ಬೂಟು. 1935ರ ‘ಟಾಪ್ ಹ್ಯಾಟ್’ ಇದನ್ನೆಲ್ಲ ಜನಪ್ರಿಯಗೊಳಿಸಿತು. ಆದರೆ ಆ ಟಕಟಕ ಸದ್ದು, ಅಂದರೆ ಟ್ಯಾಪ್ ನೃತ್ಯ, ಹುಟ್ಟಿದ್ದು ಸಿರಿವಂತರ ಹಜಾರಗಳಲ್ಲಲ್ಲ.

ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1739ರಲ್ಲಿ ಆಫ್ರಿಕಾ ಮೂಲದ ಗುಲಾಮರು ಬಂಡೆದ್ದರು. ಮರುವರ್ಷದ ಕಾನೂನು ಅವರು ಡೋಲು ಬಾರಿಸುವುದನ್ನೇ ನಿಷೇಧಿಸಿತು. ವಾದ್ಯ ಕೈತಪ್ಪಿದರೂ ತಾಳ ತಪ್ಪಲಿಲ್ಲ. ಅಂಗೈ, ತೊಡೆ, ಪಾದಗಳೇ ವಾದ್ಯಗಳಾದವು. ಮುಂದೆ 1840ರ ದಶಕದಲ್ಲಿ ನ್ಯೂಯಾರ್ಕ್‌ನ ಫೈವ್ ಪಾಯಿಂಟ್ಸ್ ಎಂಬ ಬಡವರ ಕೇರಿಯಲ್ಲಿ ಈ ತಾಳ ಐರಿಷ್ ವಲಸಿಗರ ಜಿಗ್ ಕುಣಿತದೊಡನೆ ಬೆರೆಯಿತು. ‘ಜೂಬಾ’ ಎಂದು ಹೆಸರಾದ ವಿಲಿಯಂ ಹೆನ್ರಿ ಲೇನ್ ಅಲ್ಲಿಂದ ಬಂದ ಕಪ್ಪು ಕಲಾವಿದ. ಅಟ್ಟೆಗೆ ಲೋಹದ ತಗಡು ಬಡಿಯುವ ರೂಢಿ ಬೆಳೆದದ್ದು 20ನೇ ಶತಮಾನದಲ್ಲಿ.

1927ರ ನಂತರ ಚಿತ್ರಗಳಿಗೆ ಮಾತು ಬಂದಾಗ ಕಣ್ಣಿಗೂ ಕಿವಿಗೂ ಒಟ್ಟಿಗೆ ಸಿಗುವ ಈ ನೃತ್ಯಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ತೆರೆಯ ಮೇಲೆ ಕೇಳುವ ಸದ್ದು ಬಹುಪಾಲು ಚಿತ್ರೀಕರಣದಲ್ಲಿ ಹಿಡಿದದ್ದಲ್ಲ. ಚಿತ್ರೀಕರಣ ಮುಗಿದ ಮೇಲೆ ಕಲಾವಿದರು ಧ್ವನಿಮುದ್ರಣ ಕೊಠಡಿಯಲ್ಲಿ ತೆರೆ ನೋಡುತ್ತ ಮತ್ತೆ ಅದೇ ಹೆಜ್ಜೆ ಹಾಕುತ್ತಿದ್ದರು. ಹಾಗೆ ಮುದ್ರಿಸಿದ ಸದ್ದನ್ನೇ ಚಿತ್ರಕ್ಕೆ ಜೋಡಿಸಲಾಗುತ್ತಿತ್ತು.

ಕಲೆ ತೆರೆಗೆ ಬಂತು. ಅದನ್ನು ಕಟ್ಟಿದವರಿಗೆ ಸಿಕ್ಕ ಜಾಗ ಎಂಥದು? ‘ಬೋಜ್ಯಾಂಗಲ್ಸ್’ ಎಂದೇ ಖ್ಯಾತರಾದ ಬಿಲ್ ರಾಬಿನ್‌ಸನ್ 1935ರ ‘ದಿ ಲಿಟಲ್ ಕರ್ನಲ್’ ಚಿತ್ರದಲ್ಲಿ ಬಟ್ಲರ್ ಪಾತ್ರ ಮಾಡಿದರು. ಅದರಲ್ಲಿ ಅವರು ಬಾಲನಟಿ ಶರ್ಲಿ ಟೆಂಪಲ್ ಜೊತೆ ಮೆಟ್ಟಿಲ ಮೇಲೆ ಕುಣಿಯುತ್ತಾರೆ. ಕಪ್ಪು ಗಂಡಸು ಬಿಳಿಯ ಹುಡುಗಿಯ ಕೈ ಹಿಡಿದನೆಂಬ ಒಂದೇ ಕಾರಣಕ್ಕೆ ದಕ್ಷಿಣದ ಊರುಗಳಲ್ಲಿ ಆ ಭಾಗಕ್ಕೆ ಕತ್ತರಿ ಬಿತ್ತು. ಮರುವರ್ಷ ‘ಸ್ವಿಂಗ್ ಟೈಮ್’ನಲ್ಲಿ ಆಸ್ಟೇರ್ ಇದೇ ರಾಬಿನ್‌ಸನ್ ಹೆಸರಿನ ನೃತ್ಯ ಮಾಡಿದರು. ಮೆಚ್ಚುಗೆಯಿಂದಲೇ ಮಾಡಿದ್ದು, ಆದರೆ ಮುಖಕ್ಕೆ ಕಪ್ಪು ಬಳಿದುಕೊಂಡು!

ಫೇಯಾರ್ಡ್ ಮತ್ತು ಹೆರಾಲ್ಡ್ ನಿಕೋಲಸ್ ಸಹೋದರರ ಕಥೆ ಇನ್ನೂ ವಿಚಿತ್ರ. ಅವರಿಗೆ ಕಥೆಯಲ್ಲಿ ಪಾತ್ರವೇ ಇರುತ್ತಿರಲಿಲ್ಲ. ಬರುವುದು, ಕುಣಿಯುವುದು, ಹೋಗುವುದು. ಅವರ ಭಾಗ ತೆಗೆದರೂ ಕಥೆ ಕೆಡದಂತೆ ಚಿತ್ರವನ್ನು ಹೊಂದಿಸಲಾಗುತ್ತಿತ್ತು. ದಕ್ಷಿಣದ ಹಲವೆಡೆ ಆ ದೃಶ್ಯಗಳನ್ನು ತೆಗೆದೇ ಪ್ರದರ್ಶಿಸುತ್ತಿದ್ದರು. ಒಂದೇ ಚಿತ್ರ ಉತ್ತರದವರಿಗೆ ಒಂದು ಬಗೆ, ದಕ್ಷಿಣದವರಿಗೆ ಇನ್ನೊಂದು.

ಕಪ್ಪು ಕಲಾವಿದರೇ ತುಂಬಿದ್ದ 1943ರ ‘ಸ್ಟಾರ್ಮಿ ವೆದರ್’ನಲ್ಲಿ ಮಾತ್ರ ಇಬ್ಬರೂ ಮನಸಾರೆ ಕುಣಿದರು. ದೊಡ್ಡ ಮೆಟ್ಟಿಲುಗಳ ಮೇಲೆ ಒಬ್ಬರ ತಲೆಯ ಮೇಲಿಂದ ಇನ್ನೊಬ್ಬರು ಜಿಗಿದು, ಕಾಲು ಚಾಚಿ ಕೆಳಗಿನ ಮೆಟ್ಟಿಲಿಗೆ ಇಳಿದು, ಕೈಯೂರದೆ ಮೇಲೇಳುವ ಆ ನೃತ್ಯಕ್ಕೆ ಸಾಟಿ ಇಲ್ಲವೆಂದು ಆಸ್ಟೇರ್ ಅವರೇ ಕೊಂಡಾಡಿದ್ದರೆಂಬುದು ಪ್ರಸಿದ್ಧ. ನೃತ್ಯಶಾಲೆಯ ಮೆಟ್ಟಿಲನ್ನೇ ಹತ್ತದ ಫೇಯಾರ್ಡ್, ತಂದೆತಾಯಿ ವಾದ್ಯ ನುಡಿಸುತ್ತಿದ್ದ ರಂಗಮಂದಿರಗಳಲ್ಲಿ ಕುಳಿತು, ನೋಡಿಯೇ ಕಲಿತವರು.

1950ರ ದಶಕದಲ್ಲಿ ಟಿ.ವಿ. ಮತ್ತು ರಾಕ್ ಸಂಗೀತದ ಭರಾಟೆಯಲ್ಲಿ ಇಂಥ ಚಿತ್ರಗಳ ಕಾಲ ಮುಗಿಯುತ್ತ ಬಂತು. ಮನ್ನಣೆ ಬಂದದ್ದು ತಡವಾಗಿ. 1989ರಲ್ಲಿ ಅಮೆರಿಕ ಸರ್ಕಾರ ರಾಬಿನ್‌ಸನ್ ಹುಟ್ಟಿದ ದಿನವಾದ ಮೇ 25ನ್ನು ರಾಷ್ಟ್ರೀಯ ಟ್ಯಾಪ್ ನೃತ್ಯ ದಿನವೆಂದು ಘೋಷಿಸಿತು. ಅವರು ತೀರಿಕೊಂಡು ಆಗ 40 ವರ್ಷವಾಗಿತ್ತು. ನಿಕೋಲಸ್ ಸಹೋದರರಿಗೆ 1991ರಲ್ಲಿ ಕೆನಡಿ ಸೆಂಟರ್ ಗೌರವ ದೊರೆಯಿತು.

ಅದೃಷ್ಟಕ್ಕೆ ಕತ್ತರಿ ಬಿದ್ದದ್ದು ಆಯಾ ಊರಿನ ಪ್ರತಿಗಳಿಗೆ ಮಾತ್ರ. ಪೂರ್ಣ ಚಿತ್ರಗಳು ಉಳಿದುಕೊಂಡವು. ಅಂದು ದಕ್ಷಿಣದ ಪ್ರೇಕ್ಷಕನಿಗೆ ಕಾಣದಂತೆ ಮಾಡಿದ ಹೆಜ್ಜೆಗಳನ್ನು ಇಂದು ಯಾರು ಬೇಕಾದರೂ ನೋಡಬಹುದು, ಕೇಳಲೂಬಹುದು.