ಸ್ನಾಯು ಸಡಿಲಿಸುವ ಔಷಧ ಮತ್ತು ಮೈಯ ಬಿಸಿ

ಸೊಂಟ ಹಿಡಿದುಕೊಂಡರೆ, ಕತ್ತು ಉಳುಕಿದರೆ ವೈದ್ಯರು ಬರೆದುಕೊಡುವ ಚೀಟಿಯಲ್ಲಿ ನೋವಿನ ಮಾತ್ರೆಯ ಜೊತೆ ಸ್ನಾಯು ಸಡಿಲಿಸುವ ಔಷಧವೂ ಇರುವುದುಂಟು. ಎಷ್ಟೋ ಸಲ ಎರಡೂ ಒಂದೇ ಮಾತ್ರೆಯಲ್ಲಿ ಸೇರಿರುತ್ತವೆ. ಹಾಗಾಗಿ ತಾವು ಅಂಥದ್ದೊಂದನ್ನು ನುಂಗುತ್ತಿದ್ದೇವೆ ಎಂಬುದೇ ಅನೇಕರಿಗೆ ಗೊತ್ತಿರುವುದಿಲ್ಲ. ತೂಕಡಿಕೆ ಬರುತ್ತದೆ, ಗಾಡಿ ಓಡಿಸಬೇಡಿ ಎಂಬ ಎಚ್ಚರಿಕೆ ಸಿಗುತ್ತದೆ. ಇಂಥ ಔಷಧಗಳಲ್ಲಿ ಕೆಲವು ಮೈಯ ಬಿಸಿಯನ್ನೇ ಏರುಪೇರು ಮಾಡಬಲ್ಲವು ಎಂದು ಹೇಳುವವರು ಕಡಿಮೆ.

ನಮ್ಮ ದೇಹದ ಬಿಸಿಯಲ್ಲಿ ದೊಡ್ಡ ಪಾಲು ಸ್ನಾಯುಗಳಲ್ಲೇ ಹುಟ್ಟುತ್ತದೆ. ಚಳಿಯಾದಾಗ ನಡುಗುವುದೂ ಸ್ನಾಯುಗಳಿಂದ ಬಿಸಿ ಹೊರಡಿಸುವ ಉಪಾಯವೇ. ಹೆಚ್ಚಾದ ಬಿಸಿಯನ್ನು ಬೆವರು ಮತ್ತು ಚರ್ಮದ ರಕ್ತನಾಳಗಳು ಹೊರಹಾಕುತ್ತವೆ. ಇದನ್ನೆಲ್ಲ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹಿಡಿದಿಡುವುದು ಮೆದುಳಿನ ಹೈಪೊಥಲಾಮಸ್. ಸೋಂಕಿನ ಜ್ವರದಲ್ಲಿ ಹೈಪೊಥಲಾಮಸ್ ತಾನೇ ಈ ಮಟ್ಟವನ್ನು ಮೇಲಕ್ಕೇರಿಸುತ್ತದೆ, ಎಸಿಯ ರಿಮೋಟಿನಲ್ಲಿ ಅಂಕಿ ಬದಲಿಸಿದ ಹಾಗೆ. ಪ್ಯಾರಾಸಿಟಮಾಲ್ ಆ ಅಂಕಿಯನ್ನು ಕೆಳಗಿಳಿಸುತ್ತದೆ. ಆದರೆ ಸ್ನಾಯುಗಳೇ ಅತಿಯಾಗಿ ಬಿಸಿ ಹುಟ್ಟಿಸುತ್ತಿದ್ದರೆ, ಇಲ್ಲವೇ ಬೆವರುವ ದಾರಿಯೇ ಮುಚ್ಚಿದ್ದರೆ ಹೈಪೊಥಲಾಮಸ್ಸಿನ ಅಂಕಿ ಬದಲಾಗಿರುವುದಿಲ್ಲ. ಆಗ ಪ್ಯಾರಾಸಿಟಮಾಲ್ ಕೊಟ್ಟು ಕಾಯುತ್ತ ಕೂರುವುದರಿಂದ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಔಷಧದಿಂದ ಏರಿದ ಬಿಸಿಯನ್ನು ಮಾಮೂಲಿ ಜ್ವರವೆಂದು ತಿಳಿಯಬಾರದು ಎನ್ನುವುದಕ್ಕೆ ಕಾರಣ ಇಷ್ಟೇ.

ಮೊದಲು ಬೆವರಿನ ವಿಷಯ. ಬೆವರು ಗ್ರಂಥಿಗಳಿಗೆ ನರಗಳಿಂದ ಸಂದೇಶ ಒಯ್ಯುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ಸೈಕ್ಲೊಬೆಂಜಪ್ರಿನ್, ಆರ್ಫೆನಡ್ರಿನ್‌ನಂಥ ಔಷಧಗಳು ಇದರ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಬಾಯಿ ಒಣಗುತ್ತದೆ, ಬೆವರು ಕಡಿಮೆಯಾಗುತ್ತದೆ. ರಾಯಚೂರು, ಕಲಬುರಗಿಯ ಕಡೆ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಹೊಲದ ಕೆಲಸ, ಗಾರೆ ಕೆಲಸ ಮಾಡುವವರಿಗೆ ಬೆವರೇ ಆಸರೆ. ಅಂಥವರು, ಅದರಲ್ಲೂ ವಯಸ್ಸಾದವರು, ಈ ಮಾತ್ರೆ ತೆಗೆದುಕೊಳ್ಳುವಾಗ ಬಿಸಿಲಿನ ಕೆಲಸದ ಬಗ್ಗೆ ವೈದ್ಯರಿಗೆ ಹೇಳಲೇಬೇಕು. ನಿದ್ದೆಗೋ ನರನೋವಿಗೋ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಬೆವರನ್ನು ತಡೆಯುತ್ತದೆ, ಎರಡೂ ಸೇರಿದರೆ ತೊಂದರೆ ಹೆಚ್ಚು. ಮೈ ಸುಡುತ್ತಿದ್ದು, ಮಾತು ತೊದಲಿ, ಮನುಷ್ಯ ಗೊಂದಲಕ್ಕೀಡಾದರೆ ಅದು ಬಿಸಿಲಾಘಾತ. ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಬೇಕು.

ಬಿಸಿ ಇಳಿಯುವುದೂ ಉಂಟು. ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಪೂರ್ತಿ ನಿಶ್ಚಲಗೊಳಿಸುವ ಔಷಧ ಕೊಟ್ಟಾಗ ರೋಗಿಗೆ ನಡುಗಲೂ ಆಗುವುದಿಲ್ಲ, ತಣ್ಣನೆಯ ಥಿಯೇಟರಿನಲ್ಲಿ ಮೈ ಆರುತ್ತ ಹೋಗುತ್ತದೆ. ಬಿಸಿಗಾಳಿ ತುಂಬಿದ ಹೊದಿಕೆ ಹೊದಿಸುವುದು ಅದಕ್ಕೇ.

ಹೆಚ್ಚು ಎಚ್ಚರ ಬೇಕಾದದ್ದು ಬ್ಯಾಕ್ಲೊಫೆನ್ ವಿಷಯದಲ್ಲಿ. ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ, ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗೆ, ಲಕ್ವ ಹೊಡೆದು ಕೈಕಾಲು ಬಿಗಿದುಕೊಂಡವರಿಗೆ ಇದನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೊಡುತ್ತಾರೆ. ಬೆನ್ನುಹುರಿಯಲ್ಲಿ ನರಗಳ ಅಬ್ಬರ ತಗ್ಗಿಸುವುದು ಇದರ ಕೆಲಸ. ನರಗಳು ಅದಕ್ಕೆ ಒಗ್ಗಿಹೋಗಿರುತ್ತವೆ. ಮಾತ್ರೆ ಮುಗಿಯಿತು, ಊರಿನ ಮೆಡಿಕಲ್ ಸ್ಟೋರಿನಲ್ಲಿ ಸಿಗಲಿಲ್ಲ, ಹಬ್ಬಕ್ಕೆ ಹೋದಾಗ ಮರೆತುಹೋಯಿತು ಎಂದು ಥಟ್ಟನೆ ನಿಂತರೆ, ಅದುಮಿಟ್ಟ ಬಿಗಿತವೆಲ್ಲ ಇಮ್ಮಡಿಯಾಗಿ ಮರಳಬಹುದು. ಬಿಗಿದ ಸ್ನಾಯುಗಳಿಂದ ಮೈ ಕಾಯುತ್ತದೆ, ಇಲ್ಲದ್ದು ಕಾಣಿಸಿದಂತಾಗುತ್ತದೆ, ಫಿಟ್ಸ್ ಬರಬಹುದು. ಹೊಟ್ಟೆಯ ಚರ್ಮದಡಿ ಪಂಪ್ ಕೂರಿಸಿ ಬೆನ್ನುಹುರಿಯ ದ್ರವಕ್ಕೇ ಔಷಧ ಹನಿಸುವವರಲ್ಲಿ ಅಪಾಯ ಇನ್ನೂ ಹೆಚ್ಚು. ಪಂಪ್ ಖಾಲಿಯಾದರೆ, ಕೊಳವೆ ಮುರಿದರೆ ಮೊದಲು ಮೈ ನವೆ, ಆಮೇಲೆ ಬಿಗಿತ, ಆಮೇಲೆ ವಿಪರೀತ ಜ್ವರ, ಸ್ನಾಯು ಕರಗುವಿಕೆ. ಇದರಿಂದ ಸಾವುಗಳಾಗಿವೆ. ಬ್ಯಾಕ್ಲೊಫೆನ್ ಬಿಡಬೇಕೆಂದರೆ ವೈದ್ಯರ ಲೆಕ್ಕದಂತೆ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಿಡಬೇಕು. ಮನೆಯಲ್ಲಿ ಒಂದು ವಾರದ ಮಾತ್ರೆ ಹೆಚ್ಚಿಗೇ ಇರಲಿ.

ಕೊನೆಯದು ಅಪರೂಪದ್ದು, ಆದರೆ ಎಲ್ಲಕ್ಕಿಂತ ಭಯಂಕರ. ಮೆಲ್ಬರ್ನ್‌ನಲ್ಲಿ ಕಾಲು ಮುರಿದುಕೊಂಡು ಬಂದ 21 ವರ್ಷದ ವಿದ್ಯಾರ್ಥಿಯೊಬ್ಬನಿಗೆ ಮುರಿದ ಕಾಲಿಗಿಂತ ಅರಿವಳಿಕೆಯದೇ ಚಿಂತೆ. ಈಥರ್ ಕೊಟ್ಟಾಗ ಅವನ ಬಂಧುಗಳಲ್ಲಿ 10 ಮಂದಿ ಸತ್ತಿದ್ದರು. ಹ್ಯಾಲೊಥೇನ್ ಕೊಟ್ಟರೂ ಅವನ ಮೈ ಸುಡತೊಡಗಿತು. ಐಸ್‌ ಇಟ್ಟು ಉಳಿಸಿದರು. ಮೈಕೇಲ್ ಡೆನ್‌ಬರೊ ಮತ್ತು ಲೊವೆಲ್ 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗೆ ಇದನ್ನು ಬರೆದರು. ಇಂದು ಇದನ್ನು ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯ ಎನ್ನುತ್ತಾರೆ. ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಚುಚ್ಚುಮದ್ದು, ಸೆವೊಫ್ಲುರೇನ್, ಐಸೊಫ್ಲುರೇನ್‌ನಂಥ ಅರಿವಳಿಕೆ ಅನಿಲಗಳು ಇದನ್ನು ಕೆರಳಿಸುತ್ತವೆ. ಹುಟ್ಟಿನಿಂದಲೇ ಬಂದ ದೋಷವಿರುವವರಲ್ಲಿ ಸ್ನಾಯುಕೋಶದೊಳಗಿನ ಕ್ಯಾಲ್ಸಿಯಂ ಉಗ್ರಾಣದ ಬಾಗಿಲು ತೆರೆದುಕೊಂಡೇ ಉಳಿಯುತ್ತದೆ. ಸಡಿಲಾಗಬೇಕಾದ ಸ್ನಾಯು ಸೆಟೆದು ನಿಲ್ಲುತ್ತದೆ, ಬಿಡದೆ ಬಿಸಿ ಕಾರುತ್ತದೆ. ಸಾಮಾನ್ಯವಾಗಿ ಮಾನಿಟರಿನಲ್ಲಿ ಮೊದಲು ಏರುವುದು ರೋಗಿ ಹೊರಬಿಡುವ ಇಂಗಾಲದ ಡೈಆಕ್ಸೈಡ್, ಜ್ವರ ತಡವಾಗಿಯೂ ಬರಬಹುದು. ದವಡೆ ಬಿಗಿಯುವುದೂ ಒಂದು ಸುಳಿವು.

ಇದಕ್ಕಿರುವ ಮದ್ದು ಡ್ಯಾಂಟ್ರೊಲಿನ್, ಅದೂ ಸ್ನಾಯು ಸಡಿಲಿಸುವ ಔಷಧವೇ. ಅದು ಕ್ಯಾಲ್ಸಿಯಂ ಹೊರಬೀಳದಂತೆ ತಡೆಯುತ್ತದೆ. 1975ರಲ್ಲಿ ದಕ್ಷಿಣ ಆಫ್ರಿಕಾದ ಗೈಸ್‌ಫರ್ಡ್ ಹ್ಯಾರಿಸನ್ ಹಂದಿಗಳಲ್ಲಿ ಇದನ್ನು ತೋರಿಸಿಕೊಟ್ಟರು. ಮೊದಲ ಡೋಸ್ ಪ್ರತಿ ಕೆಜಿಗೆ 2.5 ಮಿಲಿಗ್ರಾಂ. ಹಳೆಯ ಬಗೆಯ ಒಂದು ಸೀಸೆಯಲ್ಲಿ ಇರುವುದು 20 ಮಿಲಿಗ್ರಾಂ ಪುಡಿ, ಪ್ರತಿ ಸೀಸೆಗೂ 60 ಮಿಲಿಲೀಟರ್ ನೀರು ಹಾಕಿ ಕಲಕಬೇಕು. 60 ಕೆಜಿ ತೂಕದವರಿಗೆ 8 ಸೀಸೆ. ಬೇಗ ಕರಗದ ಆ ಪುಡಿಯನ್ನು ಕಲಕಲು ಹೆಚ್ಚುವರಿ ಕೈಗಳು ಬೇಕು, ಅಷ್ಟರಲ್ಲಿ ಇನ್ನೊಬ್ಬರು ಅನಿಲ ನಿಲ್ಲಿಸಿ ಶುದ್ಧ ಆಮ್ಲಜನಕ ಕೊಡುತ್ತಿರುತ್ತಾರೆ. ಹಾಗಾಗಿ ಮುಂಚೆಯೇ ಗೊತ್ತಾದರೆ ಮಾತ್ರ ನಿರಾಳ. ಪ್ರೊಪೊಫಾಲ್ ಎಂಬ ಅರಿವಳಿಕೆ ಚುಚ್ಚುಮದ್ದು, ರೊಕುರೋನಿಯಂ ಎಂಬ ಸ್ನಾಯು ಸಡಿಲಿಸುವ ಚುಚ್ಚುಮದ್ದು, ಬೆನ್ನಿಗೆ ಕೊಡುವ ಅರಿವಳಿಕೆ, ಇವಾವುವೂ ಇಂಥವರಿಗೆ ಈ ತೊಂದರೆ ತರುವುದಿಲ್ಲ.

ಈ ದೋಷ ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಹಿಂದೊಮ್ಮೆ ಅರಿವಳಿಕೆ ಸರಿಹೋಗಿದ್ದರೂ ಮುಂದೆ ಆಗದಿರುತ್ತದೆ ಎನ್ನುವಂತಿಲ್ಲ. ಮನೆಯವರಲ್ಲಿ ಯಾರಾದರೂ ಆಪರೇಷನ್ ಟೇಬಲ್ ಮೇಲೆ ವಿಪರೀತ ಜ್ವರ ಬಂದು, ಇಲ್ಲವೇ ಕಾರಣ ತಿಳಿಯದೆ ತೀರಿಕೊಂಡಿದ್ದರೆ, ಎಷ್ಟು ಹಳೆಯ ಸಂಗತಿಯಾದರೂ ಸರಿ, ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ವೈದ್ಯರಿಗೆ ಹೇಳಿ. ಅವರು ಕೇಳದಿದ್ದರೂ ನೀವಾಗಿ ಹೇಳಿ. ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಜೊತೆಗೆ ಒಯ್ಯಿರಿ.